ಬೇಗ ಬಿಚ್ಚಿಕೊಳ್ಳುವ ಗ್ಲೌಸ್

ಭಾನುವಾರ, ಮಾರ್ಚ್ ೧೨

ಪ್ರೀತಿಯ ಮಗಳೇ,

ನಿನ್ನ ಎರಡು ಪತ್ರ ಬಂದು ಮೂರು ವಾರವಾಯಿತು, ಒಂದಕ್ಕೂ ಉತ್ತರ ಬರೆದಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿಬಿಡು. ಮುಂದೆ ಓದುತ್ತಾ ಹೋದರೆ ಬೈಯುವುದಕ್ಕೆ ನಿನಗೆ ಪುರುಸೊತ್ತು ಸಿಗುವುದಿಲ್ಲ. ಶಾಲೆಯ ಯೂನಿಫಾರ್ಮ್ ಬಟ್ಟೆ ಅಂಗಡಿ ತುಂಬ ಬಿದ್ದಿದೆ, ಹೊಲಿಗೆ ಯಂತ್ರದ ಬೆಲ್ಟ್ ಬೇರೆ ಎರಡು ಸಲ ಹರಿಯಿತು. ನಾವು ಅಜ್ಜ-ಮೊಮ್ಮಗಳು ಇಬ್ಬರೂ ಚೆನ್ನಾಗಿದ್ದೇವೆ. ನಿನ್ನ ನರ್ಸಿಂಗ್ ತರಬೇತಿ ಇನ್ನು ಎರಡೇ ತಿಂಗಳು ತಾನೇ? ಇಲ್ಲಿಯ ಚಿಂತೆ ಬಿಟ್ಟು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇನ್ನು ವಿಷಯಕ್ಕೆ ಬರುತ್ತೇನೆ. ಬಾಬಿನ್‌ಗೆ ಬೇಸ್‌ಬಾಲ್ ಗ್ಲೌಸ್ ಕೊಡಿಸಿದೆ. ಬಾಬಿನ್ ಯಾರು ಎಂದು ಹುಬ್ಬೇರಿಸಬೇಡ, ನಿನ್ನ ಮಗಳೇ. ಹೊಲಿಗೆ ಯಂತ್ರದೊಳಗಿನ ನೂಲು ಸುತ್ತಿದ ಬಾಬಿನ್ ಹಾಗೆ ಒಂದು ಗಳಿಗೆ ಸುಮ್ಮನೆ ನಿಲ್ಲದೆ ಗಿರಗಿರ ತಿರುಗುವವಳಿಗೆ ಟೈಲರ್ ಅಜ್ಜ ಇನ್ನೇನು ಹೆಸರಿಟ್ಟಾನು?

"ಅವಳು ನೊಂದುಕೊಳ್ಳದ ಹಾಗೆ ನೀನೇ ನೋಡಿ ಆರಿಸಪ್ಪ" ಎಂದು ಬರೆದಿದ್ದೆಯಲ್ಲ, ಆ ಒಂದು ಸಾಲು ನನ್ನ ತಲೆ ತಿಂದುಬಿಟ್ಟಿತು. ಶನಿವಾರ ಸ್ವಂತ ಗ್ಲೌಸ್ ತಂದು ಹತ್ತು ಚೆಂಡು ಹಿಡಿದು ಎಸೆದು ತೋರಿಸಬೇಕು, ಚೆನ್ನಾಗಿ ಆಡಿದವರು ಮಾತ್ರ ತಂಡಕ್ಕೆ ಎಂದು ಶಾಲೆಯ ಆಟದ ಮೇಡಂ ಹೇಳಿಬಿಟ್ಟಿದ್ದರು. ಹೆಚ್ಚಿನ ಮಕ್ಕಳು ಎಡಗೈಗೆ ಗ್ಲೌಸ್ ಹಾಕಿ ಹಿಡಿಯುತ್ತಾರೆ, ಬಲಗೈಯಲ್ಲಿ ಎಸೆಯುತ್ತಾರೆ. ನಮ್ಮ ಹುಡುಗಿಗೆ ಹುಟ್ಟಿನಿಂದಲೇ ಎಡಗೈ ಮಣಿಕಟ್ಟಿಗೆ ಮುಗಿದುಹೋಗಿದೆ. ಮೈದಾನದ ತುಂಬ ಜನ ನೋಡುತ್ತಿರುವಾಗ ಹತ್ತಕ್ಕೆ ಹತ್ತೂ ಚೆಂಡು ಕೈತಪ್ಪಿ, ಯಾರೋ ಒಬ್ಬ ಕಿಸಕ್ಕೆಂದು ನಕ್ಕರೆ ಆಮೇಲೆ ಆ ಮಗು ಯಾವ ಆಟಕ್ಕೂ ಹೋಗುವುದಿಲ್ಲ. ನನಗಿದ್ದ ಭಯ ಅದೊಂದೇ.

ನಾನೂ ನಲವತ್ತು ವರ್ಷದಿಂದ ಹೊಲಿಯುತ್ತಿರುವವನು. ಒಂದು ಉಪಾಯ ಹೂಡಿದೆ. ಎಡಗೈ ಗ್ಲೌಸನ್ನೇ ಕೊಳ್ಳುವುದು, ಬೆರಳುಗಳೊಳಗೆ ಹತ್ತಿ ತುಂಬುವುದು, ಒಳಗಡೆ ಎಲಾಸ್ಟಿಕ್ ಹೊಲಿದು ಅವಳ ತೋಳಿಗೆ ಬಿಗಿಯುವುದು. ಚೆಂಡು ಸಿಗಲಿ ಬಿಡಲಿ, ದೂರದಿಂದ ನೋಡಿದವರಿಗೆ ಎಲ್ಲ ಮಕ್ಕಳ ಹಾಗೇ ಕಾಣುತ್ತಾಳಲ್ಲ. ಹತ್ತಿ, ಎಲಾಸ್ಟಿಕ್, ಟೇಪು ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಶುಕ್ರವಾರ ಅವಳೊಂದಿಗೆ ಆಟದ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯಾಕೆ ನನ್ನಷ್ಟೇ ವಯಸ್ಸಿನವರು, ಕನ್ನಡಕದ ಮೇಲಿಂದ ನೋಡುವ ಗಡಸು ಹೆಂಗಸು.

"ಯಾವ ಕೈಲಿ ಎಸೀತೀಯಮ್ಮಾ?"

"ಬಲಗೈಲಿ."

"ಹಾಗಾದ್ರೆ ಗ್ಲೌಸ್ ಎಡಗೈಗೆ."

ನಾನು ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ನಿನ್ನ ಮಗಳು ಎಡಗೈಯನ್ನೆತ್ತಿ ಗಾಜಿನ ಮೇಜಿನ ಮೇಲಿಟ್ಟುಬಿಟ್ಟಳು. "ಇಲ್ಲ ಆಂಟಿ, ಬಲಗೈಗೇ ಬೇಕು. ಹಿಡಿಯೋದೂ ಅದೇ, ಎಸೆಯೋದೂ ಅದೇ."

ಆಕೆ ಅಯ್ಯೋ ಪಾಪ ಎನ್ನಲಿಲ್ಲ. ಏಣಿ ಹತ್ತಿ ಮೇಲಿನ ಕಪಾಟಿನಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದರು. "ಎಡಚರು ಬಲಗೈಗೆ ಹಾಕ್ಕೊಳ್ಳೋ ಗ್ಲೌಸ್ ಇವು. ಇರೋದೇ ಮೂರು, ನೋಡು."

ಮೊದಲನೆಯದು ಅವಳ ಕೈಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನಾನು ಭೇಷ್ ಎಂದೆ. ಅವಳು ಕೈ ಕೊಡವಿ ನೋಡಿ ಮುಖ ಸಿಂಡರಿಸಿದಳು. "ಬೇಡ ಅಜ್ಜ, ಇದು ಕಚ್ಚಿ ಹಿಡ್ಕೊಳ್ಳುತ್ತೆ." ಎರಡನೆಯದಕ್ಕೂ ಅದೇ ದೂರು. ಮೂರನೆಯದು ಕಂದು ಬಣ್ಣದ್ದು, ಒಂದು ಅಳತೆ ದೊಡ್ಡದು. ನಾನಾದರೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವಳು ಅದನ್ನು ಹಾಕಿ, ಕಂಕುಳಿಗೆ ಸಿಕ್ಕಿಸಿ, ಸರಕ್ಕನೆ ಕೈ ಎಳೆದುಕೊಂಡು, "ಇದೇ ಇರಲಿ" ಎಂದಳು.

ಅಂಗಡಿಯಾಕೆ ಕನ್ನಡಕ ತೆಗೆದರು. "ಇಪ್ಪತ್ತು ವರ್ಷದಿಂದ ಮಾರ್ತಿದೀನಿ. ಬಿಗಿಯಾಗಿ ಕೂರೋದು ಕೊಡಿ ಅಂತಾರೆ ಎಲ್ರೂ. ಬೇಗ ಬಿಚ್ಚಿಕೊಳ್ಳೋದು ಬೇಕು ಅಂದೋಳು ನೀನೊಬ್ಳೇ. ಬಿಚ್ಚಿ ಏನ್ ಮಾಡ್ತೀಯೇ?"

"ತೋರಿಸ್ಲಾ?"

ಮೂವರೂ ಅಂಗಡಿಯ ಹಿಂದಿನ ಅಂಗಳಕ್ಕೆ ಹೋದೆವು. ಆಕೆ ಚೆಂಡೆಸೆದರು, ಸುಮ್ಮನೆ ಮಕ್ಕಳಾಟಕ್ಕೆ ಎಸೆದದ್ದಲ್ಲ, ನಿಜವಾಗಿಯೇ ಎಸೆದರು. ಟಪ್ ಎಂದು ಗ್ಲೌಸಿಗೆ ಬಂತು. ಆಮೇಲೆ ನಡೆದದ್ದು ಮೊದಲ ಸಲ ನನ್ನ ಕಣ್ಣಿಗೆ ಸಿಗಲೇ ಇಲ್ಲ. ಎರಡನೆಯ ಸಲ ಕಣ್ಣು ಮಿಟುಕಿಸದೆ ನೋಡಿದೆ. ಚೆಂಡು ಸಮೇತ ಗ್ಲೌಸು ಎಡ ಕಂಕುಳಿಗೆ ಹೋಗುತ್ತದೆ, ಬಲಗೈ ಹೊರಗೆ ಬರುತ್ತದೆ, ಬರುವಾಗಲೇ ಚೆಂಡನ್ನು ಹೆಕ್ಕಿಕೊಂಡಿರುತ್ತದೆ, ನಾನು ಉಸಿರು ಬಿಡುವುದರೊಳಗೆ ಚೆಂಡು ಆಕೆಯ ಕೈಗೆ ವಾಪಸ್ಸು! ಕಾಜಾ ಹೊಲಿಯುವವರ, ಕಸೂತಿ ಹಾಕುವವರ ಎಷ್ಟೋ ಚುರುಕು ಕೈಗಳನ್ನು ನೋಡಿದ್ದೇನೆ ಮಗಳೇ. ಇಂಥ ಕೈಯನ್ನು ನೋಡಿರಲಿಲ್ಲ. ಮೈ ಜುಮ್ಮೆಂದಿತು, ಅಳುವೂ ಬಂತು.

"ಒಂದ್ಸಲ ನಿಧಾನಕ್ಕೆ ಮಾಡಿ ತೋರ್ಸೇ" ಎಂದು ಕೇಳಿದೆ.

"ನಿಧಾನಕ್ಕೆ ಬರಲ್ಲ ಅಜ್ಜ. ನಿಧಾನ ಮಾಡಿದ್ರೆ ಕೈ ಯೋಚ್ನೆ ಮಾಡೋಕೆ ಶುರು ಮಾಡುತ್ತೆ."

ಎಲ್ಲಿ ಕಲಿತೆಯೇ ಎಂದರೆ, ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಎಸೆದು ಎಸೆದು ಕಲಿತಳಂತೆ. ಗ್ಲೌಸಿನ ಬದಲಿಗೆ ನಾನು ಇಸ್ತ್ರಿ ಮಾಡುವಾಗ ಹಾಕಿಕೊಳ್ಳುವ ದಪ್ಪ ಕೈಗವಸು! ಎರಡು ತಿಂಗಳಿಂದ ಸಂಜೆಯೆಲ್ಲ ಧಬ್ ಧಬ್ ಕೇಳಿಸುತ್ತಿತ್ತು. ಪಕ್ಕದ ಮನೆಯವರು ಹಾಸಿಗೆ ಕೊಡವುತ್ತಿದ್ದಾರೆ ಎಂದುಕೊಂಡು, ಎಷ್ಟು ಚೊಕ್ಕಟದ ಜನ ಎಂದು ಮೆಚ್ಚಿಕೊಂಡಿದ್ದೆ ನಾನು ಬೆಪ್ಪ. ಚೀಲದಲ್ಲಿದ್ದ ಹತ್ತಿಯನ್ನು ಅವಳಿಗೆ ಕಾಣಿಸದ ಹಾಗೆ ಮನೆಗೆ ವಾಪಸ್ಸು ತಂದೆ.

ಶನಿವಾರ ಹತ್ತರಲ್ಲಿ ಎಂಟು ಹಿಡಿದಳು. ಮೊದಲನೆಯದು ಬಿತ್ತು, ಒಂದಿಬ್ಬರು ನಕ್ಕದ್ದೂ ಹೌದು. ನಾನು ಬೇಲಿಯ ತಂತಿ ಹಿಡಿದು ನಿಂತಿದ್ದೆ. ಅವಳು ಅತ್ತ ತಿರುಗಿಯೂ ನೋಡದೆ, "ಇನ್ನೊಂದು ಹಾಕಿ ಮೇಡಂ" ಎಂದಳು. ನಾಲ್ಕನೆಯ ಚೆಂಡಿನ ಹೊತ್ತಿಗೆ ನಕ್ಕವರೇ ಬಾಯಿ ತೆರೆದುಕೊಂಡು ಹತ್ತಿರ ಬಂದು ನಿಂತಿದ್ದರು. ತಂಡಕ್ಕೆ ಸೇರಿಸಿಕೊಂಡಿದ್ದಾರೆ. ಗ್ಲೌಸು ಈಗ ಅವಳ ದಿಂಬಿನ ಪಕ್ಕದಲ್ಲಿ ಮಲಗುತ್ತದೆ, ಇಡೀ ಕೋಣೆಗೆ ಚರ್ಮದ ವಾಸನೆ.

ಇಂಥ ಮಗುವನ್ನು ಹೆತ್ತವಳು ನೀನು. ನಿನ್ನ ಹೊಟ್ಟೆ ತಣ್ಣಗಿರಲಿ, ಓದು ಚೆನ್ನಾಗಿ ಮುಗಿಯಲಿ, ಬೇಗ ಬಂದು ನೀನೂ ಕಣ್ಣಾರೆ ನೋಡುವಂತಾಗಲಿ.

ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವಳಿಗೆ ನಾನು ಹೊಲಿದ ಅಂಗಿಗಳಲ್ಲೆಲ್ಲ ಎಡತೋಳು ಎರಡು ಅಂಗುಲ ಉದ್ದವಾಗಿರುತ್ತಿತ್ತು. ಊರಿಗೆಲ್ಲ ಸರಿಯಾಗಿ ಹೊಲಿಯುವವನು ಮೊಮ್ಮಗಳ ಅಳತೆ ಮಾತ್ರ ತಪ್ಪುತ್ತೀಯಲ್ಲಪ್ಪ ಎಂದು ನೀನು ನಗುತ್ತಿದ್ದೆ, ನಾನು ಕಣ್ಣಿನ ಮೇಲೆ ತಪ್ಪು ಹೊರಿಸುತ್ತಿದ್ದೆ. ಅಳತೆ ಒಂದು ಸಲವೂ ತಪ್ಪಿರಲಿಲ್ಲ ಮಗಳೇ. ಆ ಕೈ ಯಾರಿಗೂ ಕಾಣದಿರಲಿ ಎಂದು ಬೇಕೆಂದೇ ಹಾಗೆ ಕತ್ತರಿಸುತ್ತಿದ್ದೆ. ಒಂಬತ್ತು ವರ್ಷ. ಇವತ್ತು ಬೆಳಿಗ್ಗೆ ತಂಡದ ಅಂಗಿಯ ಬಟ್ಟೆ ತಂದು ನನ್ನ ಮೇಜಿನ ಮೇಲಿಟ್ಟು, "ಈ ಸಲ ಎಡತೋಳು ಉದ್ದ ಇಡಬೇಡ ಅಜ್ಜ, ಗ್ಲೌಸ್ ಸಿಕ್ಕಿಹಾಕ್ಕೊಳ್ಳುತ್ತೆ" ಎಂದಳು. ಕೋಪವಿಲ್ಲ, ಏನೂ ಇಲ್ಲ, ಗುಂಡಿ ಬಿಗಿ ಮಾಡು ಎನ್ನುವಷ್ಟು ಸಲೀಸಾಗಿ ಹೇಳಿ ಆಡಲು ಓಡಿದಳು. ಅವಳಿಗೆ ಯಾವತ್ತಿನಿಂದ ಗೊತ್ತಿತ್ತೋ. ಎಡತೋಳನ್ನು ಅಳತೆಗೆ ಸರಿಯಾಗಿ ಕತ್ತರಿಸಿಟ್ಟಿದ್ದೇನೆ.