ಸುನ್ನತಿಯ ರಾಗ

ಜೆರೂಸಲೇಮ್
ಮಂಗಳವಾರ, 14 ಫೆಬ್ರವರಿ 1961

ನನ್ನ ಕಣ್ಣೇ, ನಜೀರಾ,

ಹೈಫಾದಿಂದ ನೀನು ಬರೆದ ನಾಲ್ಕು ಸಾಲು ತಲುಪಿತು. ಅಪ್ಪ ಇರುವ ಮನೆಗೆ ಇನ್ನು ಕಾಲಿಡುವುದಿಲ್ಲ ಎಂದಿದ್ದೀಯ. ಎದುರುಮನೆಯ ಮರ್ಸೆಲ್ ನಿನಗೆ ಕಾಗದ ಹಾಕಿದ್ದಾಳೆಂದು ಆಗಲೇ ತಿಳಿಯಿತು. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಅವಳು ಬರೆದದ್ದು ಸುಳ್ಳಲ್ಲ. ನಿನ್ನ ಮಗು ತೀರಿಕೊಂಡ ಮರುದಿನವೇ, ಶನಿವಾರ, ಸಬ್ಬತ್ತಿನ ಬೆಳಗ್ಗೆ, ನಿಮ್ಮಪ್ಪ ಸಭಾಮಂದಿರದಲ್ಲಿ ಪ್ರಾರ್ಥನೆಯನ್ನೆಲ್ಲ, ಗಂಡುಮಗುವಿನ ಸುನ್ನತಿ ಇರುವ ವಾರಕ್ಕೇ ಮೀಸಲಾದ ಆ ಸುನ್ನತಿಯ ರಾಗದಲ್ಲಿ ಹಾಡಿದರು. ಜನ ಕೈ ಕುಲುಕಿ, "ಅಂತೂ ತಾತ ಆದ್ರಲ್ಲ, ನಮ್ಮ ಬಾಯಿಗೆ ಸಿಹಿ ಯಾವಾಗ?" ಎಂದರು. ಆದರೆ ತಪ್ಪು ನನ್ನದು, ನಜೀರಾ.

ವಾರದ ರಾಗವನ್ನು ಅವರು ಗುರುವಾರವೇ ಆರಿಸುತ್ತಾರಲ್ಲ, ಆ ಗುರುವಾರ ಪುಸ್ತಕವನ್ನೇ ತೆರೆಯಲಿಲ್ಲ. "ಭಾನುವಾರ ಮೊಮ್ಮಗನ ಸುನ್ನತಿ. ಬೇರೆ ಯಾವ ರಾಗ ಹಾಡ್ಲಿ, ನೀನೇ ಹೇಳು," ಎಂದು ಗಡ್ಡ ಬಾಚಿಕೊಂಡರು. ಶುಕ್ರವಾರ ಮಧ್ಯಾಹ್ನ ಅಳಿಯಂದಿರ ತಂತಿ ಬಂತು. ನಿಮ್ಮಪ್ಪ ಮನೆಯಲ್ಲಿರಲಿಲ್ಲ. ಸಬ್ಬತ್ತಿನ ಹೊಸ್ತಿಲಲ್ಲಿ ಕೆಟ್ಟ ಸುದ್ದಿ ಹೇಳಬಾರದೆಂದು ನಮ್ಮಮ್ಮ ಕಲಿಸಿದ್ದಳು. ತಂತಿಯನ್ನು ಸೋಂಪಿನ ಡಬ್ಬಿಯಲ್ಲಿ ಅಡಗಿಸಿ ದೀಪ ಹಚ್ಚಿದೆ. ರಾಗದ ವಿಷಯ ತಲೆಗೇ ಬರಲಿಲ್ಲ. ಮಾರನೆಯ ದಿನ ಸಭಾಮಂದಿರದ ಮೇಲಂತಸ್ತಿನಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಸಂತೋಷದ ಉಲುಲು ಕೂಗು ಹಾಕಿದಾಗ ನಾನೂ ಹಾಕಿದೆ. ಎದೆ ಒಡೆದುಹೋಗುತ್ತಿತ್ತು, ಬಾಯಿ ಮಾತ್ರ ಕೂಗಿತು.

ಸಂಜೆ ಮೂರು ನಕ್ಷತ್ರ ಕಂಡು ಸಬ್ಬತ್ತು ಮುಗಿದ ಮೇಲೆ ಹೇಳಿದೆ. ಅವರು ಒಂದು ಮಾತೂ ಕೇಳದೆ ಗೋಡೆಯ ಕಡೆ ತಿರುಗಿ ಕುಳಿತರು. ಈ ಮೂರು ವಾರವೂ ಹಾಡಿಲ್ಲ. ಗೊತ್ತಿಲ್ಲದೆ ಹಾಡಿದವರ ಮೇಲೆ ಮುನಿಯಬೇಡ. ನಿನ್ನ ಸಿಟ್ಟೆಲ್ಲ ನನಗಿರಲಿ.

ನಿನ್ನ ಸಂಕಟ ಹಂಚಿಕೊಳ್ಳಲಾರದೆ ಹೋದ ಅಮ್ಮ,
ಬಹಿಯೆ

ತಾ.ಕ.: ಈ ಕಾಗದವನ್ನು ಅವರಿಗೆ ಓದಿ ಹೇಳಿದೆ. "ಗೊತ್ತಿಲ್ಲದೆ ಅಂತ ಬರೀಬೇಡ ಕಣೇ," ಎಂದರು. ಸಬ್ಬತ್ತಿನ ಬೆಳಗ್ಗೆ ಹಾಡಲು ಹೊರಡುವ ಮುಂಚೆ ಗಂಟಲಿಗೆಂದು ಅವರು ಆ ಡಬ್ಬಿಯಿಂದಲೇ ಸೋಂಪು ತೆಗೆದು ಅಗಿಯುತ್ತಾರೆ. ನಲವತ್ತು ವರ್ಷದಿಂದ ನೋಡಿದ್ದನ್ನು ನಾನು ಅವತ್ತು ಮರೆತಿದ್ದೆ. "ಮೂವತ್ತು ದಿನ ತುಂಬದ ಮಗುವಿಗೆ ನಮ್ಮಲ್ಲಿ ಸೂತಕ ಇಲ್ಲ, ಶೋಕದ ಹಾಡೂ ಇಲ್ಲ. ಅವನದು ಅಂತ ಇದ್ದಿದ್ದು ಅದೊಂದೇ ರಾಗ. ಒಂದ್ಸಲನಾದ್ರೂ ಅವನಿಗೆ ಹಾಡ್ಬೇಕಿತ್ತು," ಎಂದು ಅತ್ತುಬಿಟ್ಟರು. ಈ ಸಬ್ಬತ್ತಿಗೆ ಯಾವ ರಾಗವೆಂದು ಜನ ಬಂದು ಕೇಳಿದರೆ, "ನಜೀರಾ ಬರ್ಲಿ, ಅವಳನ್ನ ಕೇಳಿ ಹೇಳ್ತೀನಿ," ಅನ್ನುತ್ತಾರೆ.