ಎರಡು ವರ್ಷದ ಕಂತಿನ ಫೋನು

ಆದವಾನಿ
7 ನವೆಂಬರ್ 2025, ಶುಕ್ರವಾರ

ಪ್ರೀತಿಯ ನಮ್ಮ ಮನೆಯವರಿಗೆ, ಮಲ್ಲೇಶ್ವರಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ನಗೋಯಾದಲ್ಲಿ ಚಳಿ ಶುರುವಾಯಿತು ಅಂದಿದ್ದಿರಿ, ಕೈಬೆರಳು ಮತ್ತೆ ಬಿರಿಯುತ್ತಿವೆಯೇ? ಫ್ಯಾಕ್ಟರಿಯಲ್ಲಿ ದಿನವಿಡೀ ಡಬ್ಬಿಗೆ ತಣ್ಣನೆಯ ಅನ್ನ ತುಂಬುವ ಕೈ, ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಪರವಾಗಿಲ್ಲ. ಹತ್ತಿ ಬರುವ ಕಾಲ, ಮಾರ್ಕೆಟ್ ಯಾರ್ಡಿನ ರಸ್ತೆಯಲ್ಲಿ ಆಟೋ ನುಸುಳಲೂ ಜಾಗವಿಲ್ಲ. ನನಗೆ ಮದುವೆ ಬ್ಲೌಸುಗಳ ಹೊಲಿಗೆ ರಾಶಿ ಬಿದ್ದಿದೆ. ದಿನಾ ವಿಡಿಯೋ ಕಾಲ್ ಇರುವಾಗ ಇವಳಿಗೆ ಕಾಗದದ ಹುಚ್ಚೇಕೆ ಅಂತ ನಗಬೇಡಿ. ಕಾಲ್ ಮಾಡಿದರೆ ಅತ್ತೆ ಪಕ್ಕದಲ್ಲೇ ಇರುತ್ತಾರೆ. ನಾನು ಬಿಸಿ ಮಾತು ಎತ್ತಿದ ಕೂಡಲೇ ನಿಮಗೆ ಸಿಗ್ನಲ್ ಹೋಗಿಬಿಡುತ್ತದೆ.

ಮೊದಲು ನಿಮ್ಮ ಹೊಸ ಫೋನಿನ ವಿಷಯ. ಎರಡು ವರ್ಷ ಕಂತು ಕಟ್ಟಿ, ಆಮೇಲೆ ಫೋನನ್ನು ಅಂಗಡಿಗೇ ವಾಪಸ್ ಕೊಟ್ಟರೆ ಉಳಿದ ಕಂತು ಮಾಫ್ ಅಂತ ಎಷ್ಟು ಸಂಭ್ರಮದಿಂದ ಹೇಳಿದಿರಿ! ನಮ್ಮ ಮನೆಯ ಪದ್ಧತಿ ಮರೆತಿರಾ? ನಿಮ್ಮ ಹಳೆಯ ಫೋನು ನನಗೆ, ನನ್ನದು ಅತ್ತೆಗೆ. ಈಗ ಆ ಸಾಲು ಜಪಾನಿನ ಅಂಗಡಿಯಲ್ಲೇ ಕಡಿದುಹೋಯಿತು. ಹೋಗಲಿ, ಅದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಬೇಸರ ಸುಷ್ಮಿತಾಳದು. ಹೌದು, ನಿಮ್ಮ ಫ್ಯಾಕ್ಟರಿಯ ದುಭಾಷಿ, ಅನಂತಪುರದ ಆ ಮಹಾತಾಯಿ. ಅಂಗಡಿಗೆ ಜೊತೆಯಲ್ಲಿ ಬಂದವಳು ಆಕೆ, ಜಪಾನಿಯಲ್ಲಿ ಮಾತಾಡಿದವಳು ಆಕೆ, ತಿಳಿಹಸಿರು ಬಣ್ಣ ಆರಿಸಿದವಳೂ ಆಕೆ. ತುರ್ತಿಗೆ ಯಾರ ನಂಬರು ಅಂತ ಅಂಗಡಿಯವರು ಕೇಳಿದಾಗಲೂ ಆಕೆಯ ನಂಬರನ್ನೇ ಕೊಟ್ಟಿರಂತೆ. ಅಲ್ಲಿಯ ನಂಬರೇ ಬೇಕು ಅಂದರು ಅಂತ ನೀವು ಹೇಳಿದ್ದು ಸರಿಯೇ ಇರಬಹುದು. ಆದರೂ ಹೊಟ್ಟೆ ಉರಿಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೊಂದು ಸೀರೆಯ ಬಣ್ಣ ಆರಿಸಲು ಬಾರದವರು ನೀವು, ಆಕೆ ತೋರಿಸಿದ್ದಕ್ಕೆ ತಲೆಯಾಡಿಸಿ ಬಂದಿರಿ.

ಆಯುಧಪೂಜೆಯ ದಿನ ಅತ್ತೆ ಕಾಲ್‌ನಲ್ಲೇ ಕೂತು ಪೂಜೆ ಮಾಡಿಸಿದರಲ್ಲ. "ಹೊಸಾದು ತಗೊಂಡಿ, ಬರೀ ಹಣಿ ಬಿಡಬ್ಯಾಡಪಾ, ವಿಭೂತಿ ಬಳಿ, ಕುಂಕುಮ ಹಚ್ಚು, ನಿಂಬಿಹಣ್ಣು ಕೊಯ್ದು ಮ್ಯಾಲಿಡು" ಅಂದರು. ನೀವೂ ಭಕ್ತಿಯಿಂದ ಕುಂಕುಮ ಕಲಸಿ ಕಲಸಿ ಹಚ್ಚಿದಿರಿ. ಅದು ಹೋಗಿ ಸ್ಪೀಕರಿನ ತೂತಿನಲ್ಲಿ ಕೂತಿತು, ನಿಂಬೆರಸ ಚಾರ್ಜಿಂಗ್ ಜಾಗಕ್ಕೆ ಇಳಿಯಿತು. ಆಮೇಲೆ, ಕಲೆಯಾದರೆ ವಾಪಸ್ ತಗೊಳ್ಳುವಾಗ ದಂಡ ಹಾಕುತ್ತಾರೆ ಅಂತ ಗಾಬರಿಯಾಗಿ ಸುಷ್ಮಿತಾಳ ಹತ್ತಿರ ಓಡಿದಿರಿ. ಆಕೆ ಹತ್ತಿಕಡ್ಡಿಯಿಂದ ಕುಂಕುಮವನ್ನೆಲ್ಲ ಒರೆಸಿ ತೆಗೆದಳಂತೆ. "ಸುಷ್ಮಿತಾ ಇರ್ಲಿಲ್ಲಂದ್ರ ನನ್ನ ಗತಿ ಏನಾಗ್ತಿತ್ತಲೇ ಮಲ್ಲಿ" ಅಂತ ನನಗೇ ಹೇಳುತ್ತೀರಿ. ನಮ್ಮ ಮನೆಯ ಪೂಜೆಯ ಕುಂಕುಮ ಒರೆಸಲು ಆಕೆ ಯಾರು? ಅಷ್ಟಕ್ಕೂ ಆ ಕುಂಕುಮ ನಾನು ಇಲ್ಲಿಂದ ಕಟ್ಟಿಕೊಟ್ಟದ್ದು. ಅದನ್ನು ಕೇಳಿದ ದಿನ ಯಾರದೋ ಬ್ಲೌಸಿನ ತೋಳನ್ನು ತಿರುವುಮುರುವು ಹೊಲಿದು, ಮತ್ತೆ ಬಿಚ್ಚುತ್ತಾ ಕಣ್ಣೀರು ಹಾಕಿದೆ. ಇದಕ್ಕೆ ಹೊಟ್ಟೆಕಿಚ್ಚು ಅನ್ನುತ್ತೀರಾ? ಅನ್ನಿ. ಇದೆ.

ಇಷ್ಟಾದರೂ ಉಗಾದಿಗೆ ಬಂದೇಬಿಡುತ್ತೀರಲ್ಲ, ಆಗ ಮುಖಾಮುಖಿ ಜಗಳವಾಡಿದರಾಯಿತು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಹೋಗುವಾಗ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು "ಈ ಉಗಾದಿ ಬಿಟ್ಟು ಮುಂದಿನ ಉಗಾದಿಗಿ ಬಂದೇ ಬರ್ತೀನಿ, ಮತ್ತ ಹೋಗಂಗಿಲ್ಲ" ಅಂದವರು ನೀವೇ. ಮೊನ್ನೆ ನಿಮ್ಮ ರೂಮಿನ ಮೌಲಾಲಿ ರಜೆಗೆ ಬಂದವರು ಮನೆಗೆ ಚಾಕೊಲೇಟ್ ತಂದಿದ್ದರು. ಮಾತಿಗೆ ಮಾತು ಬಂದು ಫೋನಿನ ಕಥೆ ಹೇಳಿ, ಹೊರಗಿನ ದೇಶದವರಿಗೆ ಎಷ್ಟು ಸುಲಭವಾಗಿ ಕಂತು ಕೊಡುತ್ತಾರಲ್ಲ ಅಂದೆ. ಅವರು ನಕ್ಕರು. "ಸುಲಭ ಎಲ್ಲೈತಿ ಭಾಬಿ? ಆ ಅಂಗಡಿಯಾಗ ವೀಸಾ ಇದ್ದಷ್ಟು ದಿನಕ್ಕಷ್ಟೇ ಕಂತು. ನನಗ ಆರು ತಿಂಗಳು ಉಳಿದಿತ್ತು, ಆಗಂಗಿಲ್ಲ ಅಂದ್ರು. ನಿಮ್ಮ ಶಿವಕೃಷ್ಣಂದು ಎರಡು ವರ್ಷಕ್ಕ ರಿನ್ಯೂ ಆಗೈತಲ್ಲ, ಅದಕ್ಕ ಕೊಟ್ಟಾರ" ಅಂದರು. ನನ್ನ ಮುಖ ನೋಡಿ, ಇದು ನನಗೆ ಗೊತ್ತಿರಲಿಲ್ಲ ಅಂತ ಅವರಿಗೂ ತಿಳಿಯಿತು, ಪಾಪ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ವೀಸಾ ಕಾಗದಗಳನ್ನು ಓದಿ ಹೇಳಿದವಳೂ ಸುಷ್ಮಿತಾಳೇ ಇರಬೇಕು. ನನ್ನ ಗಂಡ ಯಾವಾಗ ಬರುತ್ತಾನೆ ಅನ್ನುವುದು ಆಕೆಗೆ ಗೊತ್ತು, ಆ ಅಂಗಡಿಯವರಿಗೆ ಗೊತ್ತು, ಮೌಲಾಲಿಗೆ ಗೊತ್ತು. ನನಗೆ ಗೊತ್ತಿಲ್ಲ. ಫೋನು ಯಾವ ತಿಂಗಳು ವಾಪಸ್ ಅಂತ ಅಂಗಡಿಗೆ ಬರೆದುಕೊಟ್ಟ ನೀವು ನನಗೆ ಬಾಯಿಮಾತಿಗೂ ಒಂದು ಹೇಳಲಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ. ಅವರು ನಿಮಗೆಂದು ಈಗಿನಿಂದಲೇ ಶೇಂಗಾ ಆರಿಸಿಡುತ್ತಿದ್ದಾರೆ.

ಊಟ ಬಿಡಬೇಡಿ, ಚಳಿಗೆ ಸ್ವೆಟರ್ ಹಾಕಿಕೊಳ್ಳಿ. ಅತ್ತೆಯವರ ಆಶೀರ್ವಾದಗಳು. ಕೋಪವಿದ್ದರೂ ನನ್ನ ಪ್ರೀತಿ ಇದ್ದಲ್ಲೇ ಇದೆ.

ನಿಮ್ಮ
ಮಲ್ಲೇಶ್ವರಿ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಹೊಲಿಗೆಯ ದುಡ್ಡಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದೆ, ನಿನ್ನೆ ಕೈಗೆ ಬಂತು. ಗಂಡನನ್ನು ನೋಡಿ ಬರಲು ಕೆಲವು ದಿನದ ವೀಸಾ ಕೊಡುತ್ತಾರಂತೆ, ಅದನ್ನೂ ವಿಚಾರಿಸಿದ್ದೇನೆ. ಉಗಾದಿಗೆ ನೀವು ಬರುತ್ತೀರೋ ಇಲ್ಲವೋ, ಈ ಕಾಗದ ಸಿಕ್ಕ ದಿನವೇ ಹೇಳಿ. ಇಲ್ಲವಾದರೆ ನಾನು ಬರುತ್ತೇನೆ. ವಿಮಾನ ನಿಲ್ದಾಣಕ್ಕೆ ಒಬ್ಬರೇ ಬನ್ನಿ, ದುಭಾಷಿ ಬೇಡ. ನಾನು ಕೇಳುವುದೆಲ್ಲ ಕನ್ನಡದಲ್ಲೇ ಇರುತ್ತದೆ.