ಕನಸಿಗೆ ಮಾತ್ರ ವಿನಾಯಿತಿ

ಫೆಬ್ರವರಿ 3, ಶನಿವಾರ. ಬೆಳಿಗ್ಗೆ 6-10

ಹೆಂಡತಿ ಅಡ್ವೊವಾಳಿಗೆ ಗಂಜಿ ಕುಡಿಸಿದೆ. ಕನಸು ವಿಚಾರಿಸಿದೆ. ದೋಣಿ, ಅದರ ತುಂಬ ಮೀನು, ದಡದಲ್ಲಿ ಬಿಳಿ ಬಟ್ಟೆಯ ಹೆಂಗಸು. ಕನಸಿಗೆ ಲಾಟರಿ ಸಂಖ್ಯೆ ಹೇಳುವ ಪುಸ್ತಕದ ಪ್ರಕಾರ ದೋಣಿಗೆ 14, ಮೀನಿಗೆ 62. ಹೆಂಗಸಿನ ವಿಷಯದಲ್ಲಿ ಪುಸ್ತಕ ಮೌನ. ಸದರಿ ಎರಡು ಸಂಖ್ಯೆಗಳಿಗೆ ಲಾಟರಿ ಟಿಕೆಟ್ ಪಡೆಯತಕ್ಕದ್ದು.

ದಾಖಲೆಗಾಗಿ: ಹೊಸ ವರ್ಷದ ದಿನ ಮಗಳು ಎಸಿಯ ಸಮಕ್ಷಮ ನಾನೇ ಕರಡು ಮಾಡಿ ರುಜು ಹಾಕಿದ ಮುಚ್ಚಳಿಕೆಯನ್ನು ಈವರೆಗೆ ಉಲ್ಲಂಘಿಸಿಲ್ಲ. ವಾರಕ್ಕೆ ಒಂದೇ ಟಿಕೆಟ್. ಹೋದ ಹಣವನ್ನು ವಾಪಸು ಪಡೆಯಲೆಂದು ಮತ್ತೆ ಆಡತಕ್ಕದ್ದಲ್ಲ. ಔಷಧದ ಹಣ ಮುಟ್ಟತಕ್ಕದ್ದಲ್ಲ. ನಾಲ್ಕನೆಯ ಕಲಮು — ಮನೆಯವಳಿಗೆ ಕನಸು ಬಿದ್ದಲ್ಲಿ ಆ ದಿನದ ಮಟ್ಟಿಗೆ ವಿನಾಯಿತಿ. ಸೆಕೊಂಡಿ ಅಂಚೆ ಕಚೇರಿಯ ಮುಂದೆ ಕೂತು ಮೂವತ್ತೆಂಟು ವರ್ಷ ಊರವರ ಅರ್ಜಿ ಬರೆದವನು ನಾನು. ಕಲಮು ಎಲ್ಲಿ ಹಾಕಬೇಕೆಂದು ಬಲ್ಲೆ.

ಫೆಬ್ರವರಿ 6. ಬೆಳಿಗ್ಗೆ 7

ಇಂದೂ ಅಡ್ವೊವಾಳಿಗೆ ಕನಸು. ಮೊದಲೆಲ್ಲ ತಿಂಗಳಿಗೊಂದು ಬಿದ್ದರೆ ಹೆಚ್ಚು. ಈಗ ದಿನವೂ. ಪಾರ್ಶ್ವವಾಯು ಬಡಿದು ಎಡಗಾಲು ಎಳೆಯುತ್ತಾಳೆ. ನಾಲಿಗೆ ಮಾತ್ರ ಚುರುಕು.

“ಎಸಿ ಅಪ್ಪ, ಕೂತ್ಕೊಳ್ಳಿ. ಕನಸು ಉದ್ದ ಇದೆ.”

“ಮುಖ್ಯಾಂಶ ಹೇಳು.”

“ಮುಖ್ಯಾಂಶ ಕೊನೇಲಿದೆ. ಹಾಗೆಲ್ಲ ಮೊದ್ಲೇ ಬಿಟ್ಟುಕೊಡಲ್ಲ.”

ಅರ್ಧ ಗಂಟೆ. ತೀರಿಹೋದ ಅವಳ ಅಕ್ಕ, ಸಂತೆ, ಟೊಮೇಟೊ ಬುಟ್ಟಿ, ಅದಕ್ಕೆ ಬಾಯಿ ಹಾಕಿದ ಮೂರು ಮೇಕೆ. ಹೇಳುತ್ತ ನಕ್ಕಳು. ಮೇಕೆಯ ಸಂಖ್ಯೆ ಸಿಕ್ಕಿತು. ಎದ್ದೆ.

“ಹೊರಟೇಬಿಟ್ರಾ? ಜಗಲಿವರೆಗೆ ಕೈ ಹಿಡಿದು ನಡೆಸಿ ಹೋಗಿ. ದಿನಕ್ಕೆರಡು ಸಲ ನಡೀಬೇಕು ಅಂದಿದಾಳೆ ನರ್ಸಮ್ಮ.”

“ಬಂದ್ಮೇಲೆ ನಡೆಸ್ತೀನಿ.”

ಫೆಬ್ರವರಿ 14

ಒಂಬತ್ತು ಟಿಕೆಟ್. ಒಂದೂ ಬರಲಿಲ್ಲ. ಆದರೂ ಎರಡನೆಯ ಕಲಮಿನ ಉಲ್ಲಂಘನೆಯಾಗಿಲ್ಲ. ಹೊಸ ಕನಸು, ಹೊಸ ಟಿಕೆಟ್. ಹೋದ ಹಣಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವುದು ನ್ಯಾಯವಲ್ಲ.

ಫೆಬ್ರವರಿ 21. ಸಂಜೆ 5

ಬೆಳಿಗ್ಗೆ ಏಳಕ್ಕೆ ಕನಸು ಪಡೆದು ಹೊರಟೆ. ಮಾನ್ಸಾಳ ಲಾಟರಿ ಡಬ್ಬಿಯಂಗಡಿಯ ಗೋಡೆಯ ಮೇಲೆ ಹಿಂದಿನ ವರ್ಷಗಳ ಫಲಿತಾಂಶ ಪಟ್ಟಿ. ಪರಿಶೀಲಿಸುತ್ತ ನಿಂತೆ. ಹನ್ನೆರಡೂವರೆ ಆಯಿತು.

ಅಡ್ವೊವಾ ಒಬ್ಬಳೇ ಜಗಲಿಗೆ ಹೊರಟಿದ್ದಳು. ಹೊಸ್ತಿಲಲ್ಲಿ ಬಿದ್ದಳು. ನೆರೆಯವರು ಎತ್ತಿ ಮಲಗಿಸಿದ್ದರು. ಮೂಳೆ ಮುರಿದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದರು. ಎಷ್ಟು ಹೊತ್ತು ಬಿದ್ದಿದ್ದಳೆಂದು ನಾನು ಕೇಳಲಿಲ್ಲ.

ಫೆಬ್ರವರಿ 25, ಭಾನುವಾರ

ಕುಮಾಸಿಯಿಂದ ಎಸಿ ಬಂದಳು. ಕೂರಲಿಲ್ಲ. ತಾಯಿಯ ಬಟ್ಟೆ ಮಡಿಸತೊಡಗಿದಳು.

“ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅಪ್ಪ.”

ಮುಚ್ಚಳಿಕೆ ತೆಗೆದು ಅವಳ ಮುಂದಿಟ್ಟೆ. ಯಾವ ಕಲಮನ್ನೂ ಮುರಿದಿಲ್ಲವೆಂದೆ.

“ಗೊತ್ತು. ಮುರಿದಿದ್ರೆ ಜಗಳ ಆಡಬಹುದಿತ್ತು.”

ಟ್ಯಾಕ್ಸಿಯಲ್ಲಿ ಕೂರಿಸಿದೆವು. ಅಡ್ವೊವಾ ಕಿಟಕಿಯಿಂದ ನನ್ನ ತೋಳು ಹಿಡಿದಳು.

“ಎಸಿ ಅಪ್ಪ, ಬೇಜಾರು ಮಾಡ್ಕೋಬೇಡಿ. ಕಾಯಿಲೆ ಬಿದ್ಮೇಲೆ ನಂಗೆ ಒಂದು ಕನಸೂ ಬಿದ್ದಿಲ್ಲ. ರಾತ್ರಿ ಎಚ್ಚರ ಇದ್ದು ಕಟ್ತಿದ್ದೆ.”

“ಯಾಕೆ?”

“ಕನಸಿಲ್ಲ ಅಂದ ದಿನ ನೀವು ಹತ್ರ ಕೂರ್ತಾನೇ ಇರ್ಲಿಲ್ಲ.”

ಫೆಬ್ರವರಿ 26

ಟ್ಯಾಕ್ಸಿಯ ನಂಬರಿನ ಕೊನೆಯ ಎರಡು ಅಂಕಿ 38. ಟಿಕೆಟ್ ಕೊಂಡೆ.

ಮಾರ್ಚ್ 4. ಮಧ್ಯಾಹ್ನ

ಆರು ದಿನ ಬರೆಯಲಿಲ್ಲ. ಆರು ದಿನವೂ, ಇಂದು ಬೆಳಿಗ್ಗೆಯೂ ಕೊಂಡೆ. ಔಷಧದ ಹಣದಿಂದ. ಔಷಧ ಕುಡಿಯುವವಳೇ ಇಲ್ಲವಲ್ಲ ಎಂದು ವಾದ ಹೂಡಿದೆ. ನನ್ನ ಮುಂದೆ ನಾನೇ ಗೆದ್ದೆ.

ಇಂದು ಅರ್ಜಿ ಬರೆದೆ. ‘ಕೆಳಗೆ ರುಜು ಮಾಡಿರುವ ಕ್ವೆಗಿರ್ ಎಂಬ ನಾನು ಅತ್ಯಂತ ವಿನಮ್ರನಾಗಿ ಕೇಳಿಕೊಳ್ಳುವುದೇನೆಂದರೆ, ಇನ್ನು ಮುಂದೆ ನಾನು ಎಷ್ಟೇ ಬೇಡಿದರೂ, ಯಾವ ಕಾರಣ ನೀಡಿದರೂ, ನನಗೆ ಟಿಕೆಟ್ ಮಾರಕೂಡದು.’ ಮೇಲ್ಭಾಗದಲ್ಲಿ ಭಾವಚಿತ್ರ ಅಂಟಿಸಿದೆ. ವಿನಾಯಿತಿಯ ಕಲಮು ಇಲ್ಲ.

ಮಾನ್ಸಾ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಊರಿನವರ ಮೇಲೆಲ್ಲ ಬರ್ದು ಮುಗೀತು, ಈಗ ನಿಮ್ಮ ಮೇಲೇನಾ ಯಜಮಾನ್ರೇ?”

“ಗೋಡೆಗೆ ಹಚ್ಚು.”

“ಹಚ್ತೀನಿ. ಫೋಟೊದಲ್ಲಿ ಚೆನ್ನಾಗಿದ್ದೀರಿ. ಆದ್ರೆ ಈ ಬೀದೀಲೇ ಇನ್ನೂ ನಾಲ್ಕು ಅಂಗಡಿ ಇವೆ.”

“ನಾಲ್ಕು ಪ್ರತಿ ಮಾಡಿಸಿದ್ದೇನೆ.”

ಅವಳು ನಗಲಿಲ್ಲ. ಸ್ಟೂಲು ಒರೆಸಿ ಕೊಟ್ಟಳು. “ಕೂತ್ಕೊಳ್ಳಿ. ಅಮ್ಮ ಹೇಗಿದ್ದಾರೆ?” ಅಡ್ವೊವಾ ಹೋದ ಮೇಲೆ ನಾನು ಒಮ್ಮೆಯೂ ಫೋನು ಮಾಡಿರಲಿಲ್ಲ.

ಮಾರ್ಚ್ 9, ಶನಿವಾರ. ಮಧ್ಯಾಹ್ನ 2-20

ಟಿಕೆಟ್ ಇಲ್ಲದ ಐದನೆಯ ದಿನ. ಎಸಿಗೆ ಫೋನು ಮಾಡಿದೆ. ಅವಳು ನೇರ ತಾಯಿಗೆ ಕೊಟ್ಟಳು.

“ನಡೆದೆ ಕಣ್ರೀ. ಎಸಿ ಕೈ ಬಿಟ್ಟಿದ್ಲು.”

“ಎಷ್ಟು ದೂರ?”

“ಹನ್ನೊಂದು ಹೆಜ್ಜೆ. ನಾನೇ ಎಣಿಸಿದೆ.”

ಸಂತೋಷವೆಂದೆ. ಆಮೇಲೂ ಬಹಳ ಹೊತ್ತು ಹೇಳಿದಳು. ಏನು ಹೇಳಿದಳೋ — ಕಿವಿಗೆ ಬೀಳಲಿಲ್ಲ. ಫೋನು ಇಟ್ಟು ನೋಡಿದರೆ ಎಡ ಅಂಗೈಯಲ್ಲಿ ಪೆನ್ನಿನಿಂದ 11. ಬರೆದದ್ದು ನೆನಪಿಲ್ಲ. ಸೋಪು ಹಾಕಿ ತೊಳೆದೆ. ಮತ್ತೆ ತೊಳೆದೆ.

ಈ ಬೀದಿಯ ಐದೂ ಅಂಗಡಿಗಳಲ್ಲಿ ಅರ್ಜಿ ಇದೆ. ಪಕ್ಕದೂರು ಟಕೊರಾಡಿಯ ಅಂಗಡಿಗಳಲ್ಲಿ ಇಲ್ಲ. ಟಕೊರಾಡಿಯ ವ್ಯಾನು ಮೂರಕ್ಕೆ.

ದಾಖಲೆಗಾಗಿ: ಹನ್ನೊಂದು ಎಂಬುದು ನನ್ನ ಹೆಂಡತಿ ಅಡ್ವೊವಾ ಯಾರ ಕೈಯನ್ನೂ ಹಿಡಿಯದೆ ನಡೆದ ಹೆಜ್ಜೆಗಳು. ಸದರಿ ಹೆಜ್ಜೆಗಳನ್ನು ಬೇರಾವ ಉದ್ದೇಶಕ್ಕೂ ನಾನು —